ದುಬಾರಿ ಮೈಕಿನಿಂದ ದನಿ ಚೆನ್ನಾಗುತ್ತದೆಯೆ? ಕೊಡಗಿನ ಮನೆಗಳಲ್ಲೂ ಕಾಡಿನ ಅಂಚಿನಲ್ಲೂ ನಾನು ಪರೀಕ್ಷಿಸಿ ಕಂಡದ್ದು

ನನ್ನ ಬಳಿ ಎರಡು ಕಂಡೆನ್ಸರ್ ಮೈಕುಗಳಿವೆ, ಅಂದರೆ ವಿದ್ಯುದಾವೇಶ ಹೊತ್ತ ತೆಳುಪೊರೆಯಿಂದ ದನಿ ಹಿಡಿಯುವಂಥವು. ಒಂದಕ್ಕೆ 4,500 ರೂಪಾಯಿ ಕೊಟ್ಟಿದ್ದೆ. ಇನ್ನೊಂದಕ್ಕೆ, ಕರಿಮೆಣಸಿಗೆ ಒಳ್ಳೆಯ ಬೆಲೆ ಸಿಕ್ಕಿದ ವರ್ಷ, 88,000 ರೂಪಾಯಿ ಕೊಟ್ಟೆ. ನಾಪೋಕ್ಲು, ಕಕ್ಕಬ್ಬೆ, ಭಾಗಮಂಡಲದ ಸುತ್ತಿನ ಮನೆಗಳಿಗೆ ಹೋಗಿ ಹಿರಿಯರ ಹಾಡು, ಕಥೆ, ಮದುವೆಯ ಸೋಬಾನೆ, ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಹಾಡುವ ದುಡಿಕೊಟ್ಟ್ ಪಾಟ್ ಇವುಗಳನ್ನು ದಾಖಲಿಸುವ ಕೆಲಸವನ್ನು ತೋಟದ ಕೆಲಸದ ಜೊತೆಗೇ ಹನ್ನೊಂದು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಹೊಸದಾಗಿ ಇದೇ ಕೆಲಸಕ್ಕೆ ಇಳಿದಿರುವ ಹುಡುಗರು ಮನೆಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ ಆಗಿರುತ್ತದೆ: ಬೆಲೆಯಲ್ಲಿ ಇಪ್ಪತ್ತು ಪಟ್ಟು ಅಂತರವಿರುವ ಈ ಎರಡರ ನಡುವೆ ಕಿವಿಗೆ ಎಷ್ಟು ಅಂತರವಿದೆ? ಈ ಪ್ರಶ್ನೆಗೆ ನಾನು ಮೊದಲು ಕೊಡುತ್ತಿದ್ದ ಉತ್ತರವೂ ಈಗ ಕೊಡುವ ಉತ್ತರವೂ ಬೇರೆ ಬೇರೆ. ಆ ಬದಲಾವಣೆ ಹೇಗಾಯಿತು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲ ಮೂರು ವರ್ಷ ಅಗ್ಗದ ಮೈಕೊಂದೇ ಇತ್ತು. ನಮ್ಮ ಮನೆಯ ನಡುಕೋಣೆಯಲ್ಲಿ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹಾಡುವವರನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮುಂದೆಯೇ ಯಂತ್ರವಿದ್ದರೆ ಹಿರಿಯರಿಗೆ ಮುಜುಗರವಾದೀತೆಂದು ಒಂದು ಮೀಟರಿನಷ್ಟು ದೂರ ಬಿಡುತ್ತಿದ್ದೆ. ಮರಳಿ ಕೇಳಿದಾಗ ದನಿ ಬಾವಿಯೊಳಗಿಂದ ಬಂದಂತಿರುತ್ತಿತ್ತು. ಪದಗಳ ಅಂಚು ಕರಗಿಹೋಗಿ, ಒಂದು ಸಾಲಿನ ಬಾಲ ಮುಂದಿನ ಸಾಲಿನ ತಲೆಗೆ ಅಂಟಿಕೊಂಡಿರುತ್ತಿತ್ತು. ಇದು ಅಗ್ಗದ ಮೈಕಿನ ದೋಷವೆಂದು ನಾನು ಪೂರ್ತಿಯಾಗಿ ನಂಬಿದ್ದೆ. ದುಬಾರಿ ಮೈಕು ಕೊಳ್ಳಲು ಹಣ ಕೂಡಿಸಿದ್ದು ಈ ನಂಬಿಕೆಯ ಮೇಲೆಯೇ.

ಹೊಸ ಮೈಕು ಬಂದ ದಿನ ನೆರೆಮನೆಯ ಅಜ್ಜಿಯನ್ನು ಅದೇ ಕೋಣೆಗೆ ಕರೆದು, ಅದೇ ಕುರ್ಚಿಯಲ್ಲಿ ಕೂರಿಸಿ, ಹಿಂದಿನ ವರ್ಷ ಅವರು ಹಾಡಿದ್ದ ಸೋಬಾನೆಯನ್ನೇ ಮತ್ತೆ ಹಾಡಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಬಾವಿ ಇದ್ದಲ್ಲೇ ಇತ್ತು; ಈಗ ಅದರ ಗೋಡೆಗಳು ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತಿದ್ದವು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮನೆಯವರ ಮುಂದೆ ಅಷ್ಟು ದೊಡ್ಡ ಖರ್ಚನ್ನು ಸಮರ್ಥಿಸಿಕೊಂಡಿದ್ದ ನನಗೆ, ಅವರು ಏನೂ ಕೇಳದಿದ್ದರೂ, ಉತ್ತರ ಕೊಡಬೇಕಾದ ಹೊಣೆ ಇತ್ತು.

ಉತ್ತರ ಸಿಕ್ಕಿದ್ದು ಕೋಣೆಯಲ್ಲಿ. ನಮ್ಮ ನಡುಕೋಣೆಗೆ ರೆಡ್ ಆಕ್ಸೈಡಿನ ನುಣುಪಾದ ನೆಲ, ನಾಲ್ಕೂ ಕಡೆ ಬೋಳು ಗಾರೆಗೋಡೆ, ಅಗಲ ಹತ್ತು ಅಡಿ. ಅಷ್ಟು ಅಗಲದ ಎರಡು ಸಮಾನಾಂತರ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಮತ್ತು ಅದರ ಗುಣಕಗಳಾದ 112, 169 ಹರ್ಟ್ಸ್‌ಗಳ ಆಸುಪಾಸಿನಲ್ಲಿ ಸದ್ದು ತನ್ನ ಮೇಲೆ ತಾನೇ ಸೇರಿಕೊಂಡು ಉಬ್ಬುತ್ತದೆ. ಗಂಡಸರ ಮಾತಿನ ಮೂಲಸ್ವರ ಬೀಳುವುದು ಬಹುಮಟ್ಟಿಗೆ ಇದೇ ಜಾಗದಲ್ಲಿ. ಹೀಗಾಗಿ ಕೆಲವು ಅಕ್ಷರಗಳು ಗುಮ್ಮೆಂದು, ಕೆಲವು ತೆಳ್ಳಗೆ ಕೇಳುತ್ತಿದ್ದವು. ಎರಡನೆಯ ಕಾರಣ ದೂರ. ಬಾಯಿಂದ ನೇರವಾಗಿ ಬರುವ ದನಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿಗೆ ಬಡಿದು ಕೋಣೆಯ ತುಂಬ ಹರಡಿದ ಪ್ರತಿಧ್ವನಿ ಮಾತ್ರ ಎಲ್ಲಿ ನಿಂತರೂ ಸುಮಾರಾಗಿ ಅಷ್ಟೇ ಇರುತ್ತದೆ. ಒಂದು ಮೀಟರ್ ದೂರದಲ್ಲಿದ್ದ ಮೈಕನ್ನು ಒಂದು ಗೇಣಿಗಿಂತ ತುಸು ಕಡಿಮೆ, ಅಂದರೆ 15 ಸೆಂಟಿಮೀಟರಿಗೆ ತಂದರೆ ನೇರ ದನಿ ಸುಮಾರು 16 ಡೆಸಿಬೆಲ್ ಮೇಲೇರುತ್ತದೆ. ಬಾವಿಯಿಂದ ದನಿಯನ್ನು ಮೇಲೆತ್ತುವ ಈ 16 ಡೆಸಿಬೆಲ್ಲನ್ನು ಮೈಕು ಬದಲಾಯಿಸಿ ಪಡೆಯುವ ದಾರಿ ಇಲ್ಲ.

ಮುಜುಗರದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡೆ. ಮೈಕನ್ನು ಮುಖದ ಎದುರಿಗಿಡದೆ, ಹಣೆಯ ಮಟ್ಟಕ್ಕಿಂತ ತುಸು ಮೇಲೆ, ಪಕ್ಕದಿಂದ ಬಾಯಿಯ ಕಡೆಗೆ ಬಾಗಿಸಿ ಇಟ್ಟರೆ ಹಾಡುವವರ ನೋಟಕ್ಕೆ ಅಡ್ಡ ಬರುವುದಿಲ್ಲ. 'ಪ', 'ಬ', 'ಫ' ಅಕ್ಷರಗಳ ಉಸಿರೂ ನೇರವಾಗಿ ಬಂದು ಬಡಿಯುವುದಿಲ್ಲ. ಐದು ನಿಮಿಷದಲ್ಲಿ ಅವರು ಅದನ್ನು ಮರೆಯುತ್ತಾರೆ.

ಕೋಣೆಯ ಸಮಸ್ಯೆಗೆ ಮೊದಲು ಕಂಬಳಿ ತೂಗುಹಾಕಿ ನೋಡಿದೆ, ತಕ್ಕಮಟ್ಟಿಗೆ ಉಪಯೋಗವಾಯಿತು. ಆದರೆ ನಮ್ಮ ಮನೆಯಲ್ಲಿ ನಿಜವಾದ ಸ್ಟುಡಿಯೊ ಇದ್ದದ್ದು ನಾನು ಎಂದೂ ಯೋಚಿಸದ ಜಾಗದಲ್ಲಿ. ಜನವರಿಯಲ್ಲಿ ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿಯನ್ನು ಗೋಣಿಚೀಲಗಳಿಗೆ ತುಂಬಿ ಉಗ್ರಾಣದಲ್ಲಿ ಆಳೆತ್ತರಕ್ಕೆ ಪೇರಿಸಿದ್ದಾಗ, ಒಳಗೆ ಹೋಗಿ ಯಾರನ್ನೋ ಕೂಗಿದೆ. ನನ್ನ ದನಿ ಬಾಯಿಂದ ಹೊರಟಲ್ಲೇ ನಿಂತುಹೋಯಿತು. ಗೋಣಿಯ ಒರಟು ಮೈ, ಅದರ ಹಿಂದೆ ಕಾಳುಗಳ ನಡುವಿನ ಸಂದುಗಳು, ಚೀಲಗಳ ಏರುತಗ್ಗು ಇವೆಲ್ಲ ಸೇರಿ ಸದ್ದನ್ನು ಹೀರಿ ಚದುರಿಸುತ್ತವೆ. ಚೀಲಗಳ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಗ್ಗದ ಮೈಕನ್ನು ಒಯ್ದು, ಅದೇ ಅಜ್ಜಿಯ ಸೋಬಾನೆಯನ್ನು ಮೂರನೆಯ ಸಲ ದಾಖಲಿಸಿದೆ. ಮನೆಯವರೆಲ್ಲ ಕೇಳಿ, ಹೊಸ ಮೈಕು ಎಷ್ಟು ಚೆನ್ನಾಗಿದೆ ಎಂದರು. ಹಳೆಯದರಲ್ಲಿ ಮಾಡಿದ್ದೆಂದು ಹೇಳಿದಾಗ ಅವರು ನಂಬಲು ಸಮಯ ಹಿಡಿಯಿತು.

ಕೊಡವ ಕುಟುಂಬಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳ ವಿಷಯವೇ ಬೇರೆ. ಅವುಗಳ ನಡುಹಜಾರವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಮರದ ಕಂಬ, ಮರದ ಮಾಡು, ಕೆತ್ತನೆಯ ಬಾಗಿಲು ಇರುವುದರಿಂದ ಅಲ್ಲಿ ಪ್ರತಿಧ್ವನಿ ಇದ್ದರೂ ಅದು ಮೆತ್ತಗಿನದು, ಹಾಡಿಗೆ ಹೊಂದುವಂಥದು. ಅಂಥ ಕಡೆ ನಾನು ಕಂಬಳಿಯನ್ನು ಬಿಚ್ಚುವುದೇ ಇಲ್ಲ. ಹೊರಗೆ ಜಗುಲಿಯ ಮರದ ಹಲಗೆಯಾದ ಐಮರದ ಮೇಲೆ ಕೂತು ಹಾಡಿದರೆ ಒಂದು ಕಡೆ ಬಯಲು ಇರುವುದರಿಂದ ಪ್ರತಿಧ್ವನಿ ಬಹಳ ಕಡಿಮೆ, ಆದರೆ ಅಂಗಳದ ಕೋಳಿ, ಗಾಳಿ, ರಸ್ತೆಯ ಜೀಪು ಎಲ್ಲವೂ ಹಾಡಿನೊಳಗೆ ಬರುತ್ತವೆ.

ಇಷ್ಟಾದ ಮೇಲೂ ಮೂಲ ಪ್ರಶ್ನೆ ಹಾಗೆಯೇ ಉಳಿದಿತ್ತು. ಕೋಣೆ ಒಂದೇ, ದೂರ ಒಂದೇ, ಹಾಡುವವರು ಒಬ್ಬರೇ ಆಗಿದ್ದರೆ ಎರಡು ಮೈಕುಗಳಲ್ಲಿ ಯಾವುದು ಮೇಲು? ನನ್ನ ಕಿವಿಯನ್ನೇ ನಂಬುವಂತಿರಲಿಲ್ಲ, ಏಕೆಂದರೆ ಯಾವುದಕ್ಕೆ ಎಷ್ಟು ಕೊಟ್ಟಿದ್ದೆನೆಂಬುದು ನನ್ನ ಕಿವಿಗೂ ಗೊತ್ತಿತ್ತು. ಆದ್ದರಿಂದ ಉಗ್ರಾಣದ ಚೀಲಗಳು ವ್ಯಾಪಾರಿಯ ಲಾರಿ ಹತ್ತುವ ಮುನ್ನ ಒಂದು ಪರೀಕ್ಷೆ ಮಾಡಿದೆ. ಎರಡು ಮೈಕುಗಳ ತಲೆಗಳನ್ನು ಎರಡು ಬೆರಳಿನಷ್ಟು ಅಂತರದಲ್ಲಿ ಒಂದೇ ಎತ್ತರಕ್ಕೆ ಕಟ್ಟಿ, 30 ಸೆಂಟಿಮೀಟರ್ ದೂರದಲ್ಲಿ ಹಾಡಿಸಿ, ಒಂದೇ ರೆಕಾರ್ಡರಿನ ಎರಡು ಚಾನೆಲ್‌ಗಳಿಗೆ ಏಕಕಾಲದಲ್ಲಿ ತುಂಬಿಸಿದೆ. ಬೇರೆ ಬೇರೆ ಸಲ ಹಾಡಿಸಿ ಹೋಲಿಸಿದರೆ ನಾವು ಹೋಲಿಸುವುದು ಹಾಡುಗಾರಿಕೆಯನ್ನೇ ಹೊರತು ಮೈಕುಗಳನ್ನಲ್ಲ. ಆಮೇಲೆ ಎಂಟೆಂಟು ಸೆಕೆಂಡಿನ ತುಣುಕುಗಳನ್ನು ಕತ್ತರಿಸಿ, ಎರಡರ ಜೋರನ್ನೂ 0.2 ಡೆಸಿಬೆಲ್ಲಿನೊಳಗೆ ಸರಿಹೊಂದಿಸಿದೆ.

ಈ ಕೊನೆಯ ಹೆಜ್ಜೆಯನ್ನು ಬಿಟ್ಟು ಮಾಡಿದ ಯಾವ ಹೋಲಿಕೆಯೂ ನಂಬಿಕೆಗೆ ಅರ್ಹವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸದ್ದು ಜೋರಾದಂತೆ ಕಿವಿಗೆ ತಗ್ಗಿನ ಸ್ವರಗಳೂ ಅತಿ ಎತ್ತರದ ಸ್ವರಗಳೂ ಹೆಚ್ಚು ತುಂಬಿಕೊಂಡು ಕೇಳುತ್ತವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಎರಡು ತುಣುಕುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೆ, ಜೋರಾಗಿದೆ ಎಂದು ಯಾರಿಗೂ ಅನಿಸುವುದಿಲ್ಲ. ಚೆನ್ನಾಗಿದೆ ಎಂದೇ ಅನಿಸುತ್ತದೆ. ಅಂಗಡಿಯಲ್ಲಿ ಒಂದರ ಹಿಂದೊಂದು ಮೈಕನ್ನು ಕೇಳಿಸುವಾಗ ಆಗುವುದು ಬಹುಪಾಲು ಇದೇ.

ಕೇಳಲು ಐದು ಮಂದಿ ಒಪ್ಪಿದರು: ಹಾಡುವ ಇಬ್ಬರು ಹಿರಿಯರು, ಸಂಗೀತ ಕಲಿಸುವ ಟೀಚರೊಬ್ಬರು, ನನ್ನ ಭಾವ, ಮತ್ತು ಕಾಲೇಜು ಓದುತ್ತಿರುವ ಅಕ್ಕನ ಮಗಳು. ಮೊದಲು 'ಎ' ಮತ್ತು 'ಬಿ' ಎಂಬ ಎರಡು ತುಣುಕು, ಆಮೇಲೆ ಅವೆರಡರಲ್ಲಿ ಒಂದಾದ 'ಎಕ್ಸ್'. ಅದು ಎ ಯೋ ಬಿ ಯೋ ಹೇಳಬೇಕು. ನಾಣ್ಯ ಚಿಮ್ಮಿ ಎಕ್ಸ್ ಯಾವುದೆಂದು ತೀರ್ಮಾನಿಸಿ ಬರೆದಿಟ್ಟುಕೊಂಡವಳು ನನ್ನ ಹೆಂಡತಿ. ಅವಳು ಬಟನ್ ಒತ್ತುವಾಗ ಮುಖಚರ್ಯೆ ಕಾಣಬಾರದೆಂದು ಪರದೆಯ ಹಿಂದೆ ಕೂತಿದ್ದಳು. ಒಬ್ಬೊಬ್ಬರಿಗೆ 16 ಸಲ. ಸುಮ್ಮನೆ ಊಹಿಸಿ ಹೇಳುವವರಿಗೆ ಹದಿನಾರರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ. ಆದ್ದರಿಂದ 12ನ್ನು ಗೆರೆಯಾಗಿ ಇಟ್ಟುಕೊಂಡೆ.

ಮೊದಲ ಸುತ್ತಿನಲ್ಲಿ ಐವರೂ ಸುಲಭವಾಗಿ ಗೆರೆ ದಾಟಿದರು. ಎರಡು ಮೈಕುಗಳು ಬೇರೆ ಬೇರೆಯಾಗಿ ಕೇಳುತ್ತವೆ, ಇದರಲ್ಲಿ ಸಂದೇಹವಿಲ್ಲ. ಆದರೆ ಯಾವುದು ಇಷ್ಟವಾಯಿತೆಂದು ಕೇಳಿದಾಗ ಮೂವರು ತೋರಿಸಿದ್ದು ಅಗ್ಗದ್ದನ್ನು. ಅದರಲ್ಲಿ 'ಸ', 'ಶ', 'ಚ' ಅಕ್ಷರಗಳು ಎದ್ದು ಕೇಳುತ್ತವೆ. ವಯಸ್ಸಾದವರ ಕ್ಷೀಣ ದನಿಗೆ ಈ ಹೊಳಪು ಒಳ್ಳೆಯದೇ ಮಾಡಿತ್ತು. ಈ ಹೊಳಪಿಗೆ ಕಾರಣ ತಿಳಿದಿರುವಂಥದೇ. ಕಡಿಮೆ ಬೆಲೆಯ ದೊಡ್ಡ ಪೊರೆಯ ಮೈಕುಗಳಲ್ಲಿ ಅನೇಕವು ಜರ್ಮನಿಯ ನಾಯ್ಮನ್ ಕಂಪನಿಯ ಕೆ67 ಎಂಬ ಕ್ಯಾಪ್ಸೂಲಿನ (ಮೈಕಿನಲ್ಲಿ ದನಿ ಹಿಡಿಯುವ ಭಾಗದ) ಮಾದರಿಯನ್ನು ಅನುಸರಿಸುತ್ತವೆ. ಆ ಕ್ಯಾಪ್ಸೂಲು ಸ್ವಭಾವತಃ ಎತ್ತರದ ಸ್ವರಗಳನ್ನು ಹೆಚ್ಚಿಸಿ ಕೊಡುತ್ತದೆ. ಮೂಲ ಮೈಕಿನ ಸರ್ಕ್ಯೂಟು ಅದನ್ನು ತಗ್ಗಿಸಿ ಸಮಮಾಡುತ್ತದೆ. ಅಗ್ಗದ ಎಷ್ಟೋ ಮೈಕುಗಳು ಕ್ಯಾಪ್ಸೂಲನ್ನು ನಕಲು ಮಾಡಿ, ತಗ್ಗಿಸುವ ಸರ್ಕ್ಯೂಟನ್ನು ಕೈಬಿಡುತ್ತವೆ.

ಹಾಗಾದರೆ ಆ ತಗ್ಗಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ನಾನೇ ಮಾಡಬಹುದಲ್ಲ ಎಂದು ಎರಡನೆಯ ಸುತ್ತಿಗೆ ಅಗ್ಗದ ಮೈಕಿನ ತುಣುಕುಗಳಲ್ಲಿ 9 ಕಿಲೋಹರ್ಟ್ಸ್ ಸುತ್ತಮುತ್ತ 3 ಡೆಸಿಬೆಲ್ ಇಳಿಸಿದೆ. ಈಗ ನಾಲ್ವರು ಗೆರೆಯ ಕೆಳಗೆ ಉಳಿದರು. ಟೀಚರ್ ಎಂಟಕ್ಕೆ ನಿಂತರು. ಅದು ನಾಣ್ಯ ಚಿಮ್ಮಿದಷ್ಟೇ. ಗೆರೆ ದಾಟಿದವಳು ಅಕ್ಕನ ಮಗಳೊಬ್ಬಳೇ, 14 ಸರಿ. ಹೇಗೆ ಗುರುತಿಸಿದೆ ಎಂದು ಕೇಳಿದೆ.

"ಮಾಮ, ನಾನು ಹಾಡನ್ನು ಕೇಳಲೇ ಇಲ್ಲ. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಾರಲ್ಲ, ಅಲ್ಲಿ ಕೇಳಿದೆ. ಒಂದರಲ್ಲಿ ಸುಯ್ ಎನ್ನುವ ಸದ್ದು ಇದೆ, ಇನ್ನೊಂದರಲ್ಲಿ ಇಲ್ಲ."

ಹನ್ನೊಂದು ವರ್ಷಗಳಲ್ಲಿ ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ಉಪಯುಕ್ತವಾದ ಮಾತು ಇದು. 88,000 ರೂಪಾಯಿಗೆ ನನಗೆ ಸಿಕ್ಕಿದ್ದು ಹಾಡಿನ ಒಳಗೆ ಇರಲಿಲ್ಲ, ಹಾಡಿನ ನಡುವಿನ ನಿಶ್ಶಬ್ದದಲ್ಲಿತ್ತು.

ಪ್ರತಿ ಮೈಕಿಗೂ ಅದರದೇ ಒಂದು ಸ್ವಂತ ಸದ್ದು ಇರುತ್ತದೆ, ತಯಾರಕರು ಅದನ್ನು ಡೆಸಿಬೆಲ್ಲಿನಲ್ಲಿ ಬರೆದಿರುತ್ತಾರೆ. ಇದು ಎಲ್ಲಿ ಮುಖ್ಯ, ಎಲ್ಲಿ ಅಲ್ಲ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡಬಹುದು. ಒಂದು ಮನೆಯ ಕೋಣೆಯಲ್ಲಿ, ಯಾರೂ ಮಾತನಾಡದಿದ್ದಾಗಲೂ, ಫ್ರಿಜ್ಜು, ಹೊರಗಿನ ಎಲೆ, ದೂರದ ರಸ್ತೆ ಎಲ್ಲ ಸೇರಿ 35 ಡೆಸಿಬೆಲ್ ಇದೆ ಎಂದುಕೊಳ್ಳೋಣ. 20 ಡೆಸಿಬೆಲ್ ಸ್ವಂತ ಸದ್ದಿನ ಮೈಕನ್ನು ಅಲ್ಲಿಟ್ಟರೆ ಒಟ್ಟು 35.1 ಆಗುತ್ತದೆ, 5 ಡೆಸಿಬೆಲ್ ಸ್ವಂತ ಸದ್ದಿನ ಮೈಕನ್ನಿಟ್ಟರೆ 35ರಲ್ಲೇ ನಿಲ್ಲುತ್ತದೆ. ಈ ಒಂದು ಹತ್ತಾಂಶದ ವ್ಯತ್ಯಾಸ ಯಾರ ಕಿವಿಗೂ ಬೀಳದು. ಅದೇ ಎರಡು ಮೈಕುಗಳನ್ನು 18 ಡೆಸಿಬೆಲ್ಲಿನಷ್ಟು ನಿಶ್ಶಬ್ದವಿರುವ ಜಾಗಕ್ಕೆ ಒಯ್ದರೆ ಮೊದಲನೆಯದು 22ಕ್ಕೆ ಏರಿಸುತ್ತದೆ, ಎರಡನೆಯದು 18ರ ಆಸುಪಾಸಿನಲ್ಲೇ ಉಳಿಸುತ್ತದೆ. ಈ ನಾಲ್ಕು ಡೆಸಿಬೆಲ್ ಸ್ಪಷ್ಟವಾಗಿ ಕೇಳುತ್ತದೆ. ಕಾಫಿ ಚೀಲಗಳ ಉಗ್ರಾಣ ನಮ್ಮ ನಡುಕೋಣೆಗಿಂತ ಬಹಳ ನಿಶ್ಶಬ್ದವಾಗಿದ್ದುದರಿಂದಲೇ ಹುಡುಗಿಗೆ ಆ ಸುಯ್ಲು ಸಿಕ್ಕಿತು.

ಈ ಲೆಕ್ಕವನ್ನು ನಾನು ಕಣ್ಣಾರೆ, ಅಲ್ಲ ಕಿವಿಯಾರೆ ಕಂಡದ್ದು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ಪರಿಚಯದವರ ತೋಟದ ಅಂಚಿನಲ್ಲಿ. 1,748 ಮೀಟರ್ ಎತ್ತರದ ಆ ಬೆಟ್ಟದ ಶೋಲಾ ಕಾಡು ಅಲ್ಲಿಂದ ಆರಂಭವಾಗುತ್ತದೆ. ಫೆಬ್ರವರಿಯ ರಾತ್ರಿ, ಮೂರು ಗಂಟೆ, ಗಾಳಿ ಇಲ್ಲ. ಜೀರುಂಡೆಗಳು ಸುಮ್ಮನಾದ ಆ ಹೊತ್ತಿನಲ್ಲಿ ಎಲೆಯಿಂದ ಎಲೆಗೆ ಮಂಜು ತೊಟ್ಟಿಕ್ಕುವುದು, ದೂರದ ತೊರೆಯ ಸದ್ದು, ಒಣಗಿದ ಎಲೆಯ ಮೇಲೆ ಯಾವುದೋ ಸಣ್ಣ ಜೀವ ಹೆಜ್ಜೆಯಿಡುವುದು ಇಷ್ಟೇ ಇರುತ್ತದೆ. ಅಗ್ಗದ ಮೈಕಿನಲ್ಲಿ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಕೇಳಿದ್ದು ಮಳೆಯಂಥ ಸುಯ್ಲು, ಅದರ ಹಿಂದೆಲ್ಲೋ ತೊರೆ. ದುಬಾರಿ ಮೈಕಿನಲ್ಲಿ ತೊಟ್ಟಿನ ಸದ್ದು ಒಂದೊಂದೂ ಬಿಡಿಬಿಡಿಯಾಗಿ, ದೂರದಲ್ಲೊಂದು ಹತ್ತಿರದಲ್ಲೊಂದು ಎಂಬಂತೆ ಬಂದಿತ್ತು. ಆ ರಾತ್ರಿ ನಾನು ಕೊಟ್ಟ ಹಣದ ಬಗ್ಗೆ ನನಗಿದ್ದ ಅಳುಕು ಹೋಯಿತು. ಇದನ್ನು ಕಂಬಳಿಯಿಂದಲೋ, ಹತ್ತಿರ ಇಡುವುದರಿಂದಲೋ, ಕಂಪ್ಯೂಟರಿನಲ್ಲಿ ತಿದ್ದುವುದರಿಂದಲೋ ಪಡೆಯುವಂತಿಲ್ಲ. ಸುಯ್ಲನ್ನು ಅಳಿಸುವ ಸಾಫ್ಟ್‌ವೇರ್ ಓಡಿಸಿ ನೋಡಿದ್ದೇನೆ. ಅದು ಸುಯ್ಲಿನ ಜೊತೆಗೆ ಮಂಜಿನ ತೊಟ್ಟನ್ನೂ ತಿನ್ನುತ್ತದೆ.

ಆದರೂ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ನಿಶ್ಶಬ್ದ ಬೆಲೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಸಿಗುವುದಿಲ್ಲ. ಜಗತ್ತಿನ ಸ್ಟುಡಿಯೊಗಳಲ್ಲಿ ಹೆಸರಾದ ನಾಯ್ಮನ್ ಯು87 ಮೈಕಿನ ಸ್ವಂತ ಸದ್ದು 12 ಡೆಸಿಬೆಲ್. ಅದರ ಬೆಲೆಯ ಸಣ್ಣ ಭಾಗಕ್ಕೆ ಸಿಗುವ ರೋಡ್ ಎನ್‌ಟಿ1 ಮೈಕಿನದು ಸುಮಾರು 4. ಪ್ರಕೃತಿಯ ಸದ್ದು ದಾಖಲಿಸುವವರು ಸ್ವತಃ ಬೆಸುಗೆ ಹಾಕಿ ಬಳಸುವ, ಬೆರಳ ತುದಿಯಷ್ಟು ಚಿಕ್ಕದಾದ ಪ್ರೈಮೊ ಇಎಂ272 ಕ್ಯಾಪ್ಸೂಲಿನದು 14. ಯು87ಕ್ಕೆ ಜನ ಹಣ ಕೊಡುವುದು ಬೇರೆ ಗುಣಗಳಿಗಾಗಿ. ಕಾಡಿಗೆ ಹೋಗುವವರು ಬೆಲೆಪಟ್ಟಿಗಿಂತ ಮೊದಲು ಈ ಒಂದು ಅಂಕಿಯನ್ನು ಓದಬೇಕು.

ರೆಕಾರ್ಡರ್ ಮತ್ತು ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ ವಿಷಯದಲ್ಲಿ ನನ್ನ ಅನುಭವ ಇನ್ನೂ ಸರಳ. ಒಂದೇ ಮೈಕಿಗೆ ಎರಡು ಯಂತ್ರಗಳನ್ನು ಸರಿಯಾಗಿ ಹೋಲಿಸಲು, ಉಗ್ರಾಣದಲ್ಲೊಂದು ಸ್ಪೀಕರ್ ಇಟ್ಟು, ಮೊದಲೇ ದಾಖಲಿಸಿದ ಹಾಡನ್ನು ಅದರಲ್ಲಿ ನುಡಿಸಿ, ಮೈಕನ್ನು ಅಲುಗಿಸದೆ ಯಂತ್ರವನ್ನು ಮಾತ್ರ ಬದಲಾಯಿಸಿದೆ. ಕಂಡೆನ್ಸರ್ ಮೈಕಿನಲ್ಲಿ ಐವರಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಇದು ಆಶ್ಚರ್ಯದ ಸಂಗತಿಯಲ್ಲ. 150 ಓಮ್ ರೋಧದ ಯಾವುದೇ ವಸ್ತು ಕೋಣೆಯ ಉಷ್ಣಾಂಶದಲ್ಲಿ ತಾನಾಗಿಯೇ ಹೊರಡಿಸುವ ವಿದ್ಯುತ್ ಗದ್ದಲ ಸುಮಾರು -131 ಡಿಬಿಯು (ವೋಲ್ಟೇಜನ್ನು ಡೆಸಿಬೆಲ್ಲಿನಲ್ಲಿ ಹೇಳುವ ಮಾನ). ಭೌತಶಾಸ್ತ್ರ ಹಾಕಿದ ಈ ನೆಲಮಟ್ಟದ ಕೆಳಗೆ ಎಷ್ಟು ಲಕ್ಷದ ಪ್ರೀಆಂಪ್ ಕೂಡ ಇಳಿಯಲಾರದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂದಿನ ಸಾಧಾರಣ ಬೆಲೆಯ ಇಂಟರ್‌ಫೇಸ್‌ಗಳೇ -127, -128ನ್ನು ಮುಟ್ಟುತ್ತವೆ. ಉಳಿದಿರುವುದು ಮೂರ್ನಾಲ್ಕು ಡೆಸಿಬೆಲ್. ಅದು ಕೇಳುವುದು ಅಯಸ್ಕಾಂತ ಮತ್ತು ತಂತಿಸುರುಳಿಯಿಂದ ದನಿ ಹಿಡಿಯುವ ಡೈನಮಿಕ್ ಮೈಕಿನಲ್ಲಿ ಪಿಸುದನಿಯನ್ನು ಹಿಡಿಯುವಾಗ ಮಾತ್ರ. ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕು ಕೊಡುವ ಸಂಕೇತ ಒಂದು ಪಾಸ್ಕಲ್ ಒತ್ತಡಕ್ಕೆ 2 ಮಿಲಿವೋಲ್ಟಿಗಿಂತ ಕಡಿಮೆ; ಕಂಡೆನ್ಸರ್ ಮೈಕುಗಳಲ್ಲಿ ಹಲವು ಅದರ ಹತ್ತು ಪಟ್ಟಿಗೂ ಹೆಚ್ಚು ಕೊಡುತ್ತವೆ. ನನ್ನ ಮೊದಲ ಪುಟ್ಟ ರೆಕಾರ್ಡರಿಗೆ ಡೈನಮಿಕ್ ಮೈಕು ಸಿಕ್ಕಿಸಿ ಗೇನನ್ನು ಪೂರ್ತಿ ಏರಿಸಿದಾಗ ಸುಯ್ಲೇ ಮುಂದಾಗಿತ್ತು.

ರೆಕಾರ್ಡರು ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆಂಬ ಸ್ಯಾಂಪಲ್ ದರದಲ್ಲಿ 96 ಕಿಲೋಹರ್ಟ್ಸ್, 192 ಕಿಲೋಹರ್ಟ್ಸ್ ಎಂದು ಅಂಕಿ ದೊಡ್ಡದಾದಂತೆ ದನಿ ಉತ್ತಮವಾಗುತ್ತದೆಂಬ ಮಾತಿಗೆ ನಾನು ಹಣ ಕೊಡುವುದಿಲ್ಲ. 44.1 ಕಿಲೋಹರ್ಟ್ಸ್‌ನಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸ್ವರ ಸಿಗುತ್ತದೆ, ಮನುಷ್ಯರ ಕಿವಿ 20ರ ಆಚೆ ಕೇಳದು. ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಚ್ಚು ರೆಸಲ್ಯೂಷನ್ನಿನ ಧ್ವನಿಯನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ 554 ಸಲ ಹೋಲಿಸಿದಾಗ ಸರಿಯಾದ ಉತ್ತರ ಬಂದದ್ದು 276 ಸಲ, ಅಂದರೆ ಅರ್ಧಕ್ಕರ್ಧ. ಅಲ್ಲೂ ಸಿ.ಡಿ.ಯ ಗದ್ದಲ ಕಿವಿಗೆ ಬಿದ್ದದ್ದು, ಸಂಗೀತವಿಲ್ಲದ ನಿಶ್ಶಬ್ದ ಭಾಗವನ್ನು ವಿಪರೀತ ಜೋರು ಮಾಡಿದಾಗ ಮಾತ್ರ. 24 ಬಿಟ್‌ನಲ್ಲಿ ದಾಖಲಿಸುವುದನ್ನು ಮಾತ್ರ ನಾನು ಬಿಡುವುದಿಲ್ಲ, ಏಕೆಂದರೆ ಗೇನನ್ನು ತಗ್ಗಿಸಿಟ್ಟುಕೊಂಡು ನೆಮ್ಮದಿಯಿಂದ ಇರಲು ಅದು ಅವಕಾಶ ಕೊಡುತ್ತದೆ.

ಆ ನೆಮ್ಮದಿಯ ಬೆಲೆ ನನಗೆ ತಿಳಿದದ್ದು ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ಒಂದು ರಾತ್ರಿ. ಗದ್ದೆಯಲ್ಲಿ ಕದಿರು ತೆಗೆಯುವ ಮುಹೂರ್ತಕ್ಕೆ ಕೋವಿಯಿಂದ ಗುಂಡು ಹಾರಿಸುತ್ತಾರೆ, ಎಲ್ಲರೂ "ಪೊಲಿ ಪೊಲಿಯೇ ದೇವಾ" ಎಂದು ಕೂಗುತ್ತಾರೆ. ಮೆರವಣಿಗೆಯ ಹಾಡಿಗೆ ತಕ್ಕಂತೆ ಗೇನ್ ಇಟ್ಟುಕೊಂಡಿದ್ದ ನನಗೆ ಗುಂಡಿನ ಸದ್ದು ಒಡೆದ ತಟ್ಟೆಯಂತೆ ದಾಖಲಾಯಿತು. ಅದರ ಬೆನ್ನಿಗೇ ಬಂದ ಮೊದಲ ಪೊಲಿಯ ಕೂಗೂ ಹಾಳಾಯಿತು. ಆ ಮನೆಯ ಹಿರಿಯಜ್ಜ ಆ ಕೂಗನ್ನು ಎತ್ತಿದ್ದು ಅದೇ ಕೊನೆಯ ಸಲ. ಈಗ 32 ಬಿಟ್ ಫ್ಲೋಟ್ ರೆಕಾರ್ಡರುಗಳು ಬಂದಿವೆ, ಅವುಗಳಲ್ಲಿ ಗೇನ್ ತಪ್ಪಿದರೂ ಆಮೇಲೆ ಇಳಿಸಿ ಸರಿಪಡಿಸಿಕೊಳ್ಳಬಹುದು. ಆದರೆ ಮೈಕಿನ ಸ್ವಂತ ಮಿತಿಯನ್ನೇ ಮೀರಿದ ಸದ್ದನ್ನು ಯಾವ ರೆಕಾರ್ಡರೂ ಉಳಿಸಿಕೊಡಲಾರದು. ನಾನೀಗ ಹುತ್ತರಿಗೆ ಕಂಡೆನ್ಸರ್ ಜೊತೆಗೆ ಒಂದು ಡೈನಮಿಕ್ ಮೈಕನ್ನು ತಗ್ಗಿನ ಮಟ್ಟದಲ್ಲಿ ಬೇರೆ ಚಾನೆಲ್ಲಿಗೆ ಹಾಕಿ, ಕೋವಿ ಹಿಡಿದವರಿಂದ ದೂರ ನಿಲ್ಲುತ್ತೇನೆ.

ಕೊಡಗಿಗೇ ವಿಶೇಷವಾದ ಎರಡು ತೊಂದರೆಗಳನ್ನು ಬೇರೆ ಊರಿನವರು ಬರೆದ ಸಲಹೆಗಳಲ್ಲಿ ನಾನು ಓದಿರಲಿಲ್ಲ. ಮೊದಲನೆಯದು ಆನೆ ತಡೆಯಲು ತೋಟಕ್ಕೆ ಹಾಕಿದ ಸೋಲಾರ್ ಬೇಲಿ. ಕಾಡಂಚಿನ ಮನೆಯೊಂದರಲ್ಲಿ ದಾಖಲಿಸಿ ತಂದ ಹಾಡಿನುದ್ದಕ್ಕೂ, ಸೆಕೆಂಡಿಗೊಂದು ಎಂಬಂತೆ, ಗಡಿಯಾರದ ಹಾಗೆ 'ಟಿಕ್' ಎಂಬ ಸದ್ದು. ಗೋಡೆಯ ಗಡಿಯಾರ ತೆಗೆಸಿದೆ, ಫ್ರಿಜ್ ಆರಿಸಿದೆ, ಮೊಬೈಲು ಹೊರಗಿಟ್ಟೆ; ಟಿಕ್ ಹೋಗಲಿಲ್ಲ. ಬೇಲಿಯ ತಂತಿಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ನಿರಂತರವಾಗಿ ಹರಿಯುವುದಿಲ್ಲ, ಸೆಕೆಂಡಿಗೊಮ್ಮೆಯಂತೆ ಮಿಡಿತವಾಗಿ ಬರುತ್ತದೆ. ಆ ಮಿಡಿತವನ್ನು ನನ್ನ ಉದ್ದದ, ತೆಳು, 3.5 ಎಂಎಂ ಪಿನ್ನಿನ ಕೇಬಲ್ ಆಂಟೆನಾದ ಹಾಗೆ ಹಿಡಿಯುತ್ತಿತ್ತು. ಎರಡು ತಂತಿಗಳಲ್ಲಿ ಸಂಕೇತವನ್ನು ಸಮತೋಲದಲ್ಲಿ ಒಯ್ದು, ಹೊರಗಿನಿಂದ ಎರಡಕ್ಕೂ ಸಮನಾಗಿ ಸೇರಿದ ಗದ್ದಲವನ್ನು ಕೊನೆಯಲ್ಲಿ ಕಳೆದುಬಿಡುವ ಎಕ್ಸ್‌ಎಲ್‌ಆರ್ ಕೇಬಲ್ ಮತ್ತು ಅದಕ್ಕೆ ತಕ್ಕ ಮೈಕು ಒಯ್ದ ಮೇಲೆ ಟಿಕ್ ಮಾಯವಾಯಿತು. ಇದಕ್ಕೆ ದುಬಾರಿ ಮೈಕೇ ಬೇಕಿರಲಿಲ್ಲ, ಅಗ್ಗದ ಎಕ್ಸ್‌ಎಲ್‌ಆರ್ ಮೈಕೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು.

ಎರಡನೆಯದು ಮಳೆಗಾಲದ ತೇವ. ಕಕ್ಕಡ ತಿಂಗಳಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ನಮ್ಮಲ್ಲಿ, ದುಬಾರಿ ಮೈಕು ಒಂದು ಬೆಳಿಗ್ಗೆ ಪುರಿ ಹುರಿದಂತೆ ಚಟಪಟ ಸದ್ದು ಮಾಡತೊಡಗಿತು. ಕಂಡೆನ್ಸರ್ ಮೈಕಿನ ಪೊರೆಯ ಮೇಲೆ ವಿದ್ಯುದಾವೇಶ ನಿಲ್ಲಬೇಕಾದರೆ ಸುತ್ತಲಿನ ರೋಧ ಗಿಗಾಓಮ್‌ಗಳ ಲೆಕ್ಕದಲ್ಲಿರಬೇಕು. ತೇವದ ತೆಳುಪದರವೊಂದು ಕೂತರೂ ಆವೇಶ ಸೋರಿ ಈ ಸದ್ದು ಹುಟ್ಟುತ್ತದೆ. ಅದೇ ದಿನ ಡೈನಮಿಕ್ ಮೈಕು ಏನೂ ಆಗದಂತೆ ಕೆಲಸ ಮಾಡಿತು. ಈ ತೊಂದರೆಯನ್ನು ಮೂಲದಲ್ಲೇ ನಿವಾರಿಸುವ ದುಬಾರಿ ಮೈಕುಗಳೂ ಇವೆ. ಸೆನ್‌ಹೈಸರ್‌ನ ಎಂಕೆಎಚ್ ಮಾಲಿಕೆಯಲ್ಲಿ ಕ್ಯಾಪ್ಸೂಲನ್ನು ರೇಡಿಯೊ ಆವರ್ತನದ ಸರ್ಕ್ಯೂಟಿನಲ್ಲಿ ಕಡಿಮೆ ರೋಧದಲ್ಲಿ ಬಳಸುವುದರಿಂದ ತೇವ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ. ಮಳೆಕಾಡುಗಳಲ್ಲಿ ದುಡಿಯುವವರು ಅದನ್ನು ಆರಿಸುವುದು ಅದಕ್ಕಾಗಿಯೇ. ನನಗೆ ಅದು ಕೈಗೆಟುಕದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗಲೆಲ್ಲ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ, ಮೈಕುಗಳನ್ನು ಅದರಲ್ಲಿಡುತ್ತೇನೆ. ಆಮೇಲೆ ಚಟಪಟ ಮರುಕಳಿಸಿಲ್ಲ.

ಕ್ಯಾಲೆಂಡರನ್ನೂ ನಾನು ಸಲಕರಣೆಯೆಂದೇ ಎಣಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಏನನ್ನೂ ದಾಖಲಿಸುವಂತಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್ ಓಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವವರ ಪಂಪುಗಳ ಗುಡುಗು ಕಣಿವೆಯಾಚೆಯಿಂದಲೂ ಬರುತ್ತದೆ, ಅದಕ್ಕೆ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಸ್ವಿಚ್ಚು ತಕ್ಕಮಟ್ಟಿಗೆ ಮದ್ದು. ಒಳ್ಳೆಯ ಹೂಮಳೆ ಬಿದ್ದ ಮರುದಿನ ಎಲ್ಲ ಪಂಪುಗಳೂ ನಿಂತಿರುತ್ತವೆ. ಅಂದು ಹಾಡುವವರ ಮನೆಗೆ ಹೊರಡುತ್ತೇನೆ.

ಹೊಸದಾಗಿ ಆರಂಭಿಸುವವರು ಹಣವನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ಕೇಳಿದರೆ, ಮೊದಲು ಅಲುಗದ ಸ್ಟ್ಯಾಂಡು, ಕಿವಿ ಮುಚ್ಚುವ ಹೆಡ್‌ಫೋನು, ಗಾಳಿ ತಡೆಯುವ ತುಪ್ಪಳದ ಟೋಪಿ ಮತ್ತು ಎರಡು ದಪ್ಪ ಕಂಬಳಿ ಎನ್ನುತ್ತೇನೆ. ಒಬ್ಬರ ದನಿಯನ್ನು ಹತ್ತಿರದಿಂದ ಹಿಡಿಯುವ ಕೆಲಸಕ್ಕೆ ಅಷ್ಟರ ಮೇಲೆ ಐದಾರು ಸಾವಿರದ ಮೈಕು ಸಾಕು. ಕಾಡಿನ ನಿಶ್ಶಬ್ದಕ್ಕೆ ಹೋಗುವವರು ಮಾತ್ರ ಮೈಕಿಗಾಗಿ ಹಣ ಕೂಡಿಸಲಿ.

ಇನ್ನೊಂದು ಕಡೆಯೂ ದುಬಾರಿ ಮೈಕು ಗೆದ್ದಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ದುಡಿ ಬಡಿಯುತ್ತ ಹಾಡುತ್ತಾರೆ; ಇಬ್ಬರು ಒಂದು ಸಾಲನ್ನು ಎತ್ತಿದರೆ ಉಳಿದಿಬ್ಬರು ಅದನ್ನು ಮುಂದುವರಿಸುತ್ತಾರೆ. ನಾಲ್ವರೂ ಮೈಕಿನ ನೇರಕ್ಕೆ ಕೂರಲಾರರು. ಅಗ್ಗದ ಮೈಕು ಎದುರಿನ ದನಿಯನ್ನು ಚೆನ್ನಾಗಿ ಹಿಡಿದರೂ ಪಕ್ಕದಿಂದ ಬಂದದ್ದನ್ನು ಡಬ್ಬಿಯೊಳಗೆ ಹಾಕಿದಂತೆ ಬದಲಾಯಿಸುತ್ತಿತ್ತು, ದುಡಿಯ ಚುರುಕು ಪೆಟ್ಟು ಮೊಂಡಾಗುತ್ತಿತ್ತು. ದುಬಾರಿ ಮೈಕಿನಲ್ಲಿ ಪಕ್ಕದ ದನಿ ತುಸು ತಗ್ಗಿದರೂ ಅದರ ಬಣ್ಣ ಕೆಡಲಿಲ್ಲ. ತೃಪ್ತಿಯಿಂದ ಪ್ರತಿ ಮಾಡಿ ನಾಲ್ವರಿಗೂ ಮೊಬೈಲಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅವರಲ್ಲಿ ಹಿರಿಯರು ಫೋನ್ ಮಾಡಿದರು. ಸುಯ್ಲಿನ ಮಾತಿಲ್ಲ, ಮೈಕಿನ ಮಾತಿಲ್ಲ.

"ಪಾಟ್ ಚೆಂದ ಬಂದಿದೆ ಮಗಾ. ಆದರೆ ನಾವು ಎತ್ತಿದ್ದು ಜೋರಾಗಿ ಕೇಳುತ್ತದೆ, ಅವರಿಬ್ಬರು ಮುಂದುವರಿಸಿದ್ದು ಪಕ್ಕದ ಮನೆಯಿಂದ ಕೇಳಿದ ಹಾಗಿದೆ. ಅದು ಸರಿಯಲ್ಲ, ಎರಡೂ ಸಮ ಇರಬೇಕು."

ಅವರು ಹೇಳಿದ್ದು ಸರಿಯಾಗಿತ್ತು. ಮುಂದಿನ ಭಾನುವಾರ ಮತ್ತೆ ಹೋಗಿ, ನಾಲ್ವರನ್ನೂ ಚಾಪೆಯ ಮೇಲೆ ಅರ್ಧಚಂದ್ರಾಕಾರವಾಗಿ ಕೂರಿಸಿ, ನಡುವಿನಿಂದ ಎಲ್ಲರ ಬಾಯಿಗೂ ಹಗ್ಗ ಹಿಡಿದು ದೂರ ಅಳೆದು, ಹಿಂದಿನ ಸಲ ಅಂಚಿನಲ್ಲಿದ್ದ ಇಬ್ಬರನ್ನು ಒಂದು ಮೊಳ ಮುಂದಕ್ಕೆ ತಂದೆ. ಅಂದು ಮಳೆಯ ಸೂಚನೆ ಇದ್ದುದರಿಂದ ದುಬಾರಿ ಮೈಕನ್ನು ಡಬ್ಬಿಯಲ್ಲೇ ಬಿಟ್ಟು, ಅಗ್ಗದ್ದನ್ನು ಒಯ್ದಿದ್ದೆ. ಅವರು ಈಗ ತಮ್ಮ ಬಳಿ ಇಟ್ಟುಕೊಂಡಿರುವುದು ಆ ಎರಡನೆಯ ದಾಖಲೆಯನ್ನೇ.